ಹದಿನೈದು ದಿನದ ದವಸ



ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ವಿಷಯ ಅಡುಗೆಮನೆಯದು. ಹಾಗಂತ ಗಂಡಸರು ಮೇಲಕ್ಕೆ ಸರಿಸಿ ಮುಂದಕ್ಕೆ ಹೋಗಬೇಡಿ, ನಿಮ್ಮನ್ನೂ ಸೇರಿಸಿಯೇ ಬರೆದಿದ್ದೇನೆ.

ನೇರವಾಗಿ ಹೇಳಿಬಿಡ್ತೀನಿ. ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಕನಿಷ್ಠ ಹದಿನೈದು ದಿನದ ದವಸ, ಮೂರು ದಿನದ ನೀರು, ಒಂದು ತಿಂಗಳ ಔಷಧಿ ಇರಬೇಕು. ಸಾಲ ಮಾಡದೆ ವಾರಕ್ಕೆ ನೂರು ರೂಪಾಯಿಯಲ್ಲಿ ಇದನ್ನು ಕಟ್ಟಬಹುದು. ಹೇಗೆ ಅನ್ನೋದನ್ನ ಲೆಕ್ಕದ ಸಮೇತ ಕೆಳಗೆ ಬರೆದಿದ್ದೇನೆ. ಅದಕ್ಕೂ ಮೊದಲು, ಯಾಕೆ ಅನ್ನೋದು.

ಹಳೇ ಮೈಸೂರು ಸೀಮೆಯವರಿಗೆ ಹಗೇವು ಅಂದ್ರೆ ಗೊತ್ತು. ನೆಲದೊಳಗೆ ಆಳವಾಗಿ ತೋಡಿ, ಕಿರಿದಾದ ಬಾಯಿ ಬಿಟ್ಟು, ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲ ಬಂದಾಗ ಬಾಯಿ ತೆಗೆಯೋದು. ತೆಗೆದ ತಕ್ಷಣ ಇಳಿಯುವಂತಿರಲಿಲ್ಲ, ಒಳಗೆ ಕೆಟ್ಟ ಗಾಳಿ ತುಂಬಿರುತ್ತಿತ್ತು. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಆ ಆಳು ನಮ್ಮ ತಾತ. ಹಗೇವು ತೋಡಿದ್ದು ತಾತ, ಕಣದಿಂದ ರಾಗಿ ಹೊತ್ತು ತಂದು ತುಂಬಿದ್ದು ಅಜ್ಜಿ, ಇಳಿದು ಮೊರದಲ್ಲಿ ಮೇಲಕ್ಕೆ ಕೊಟ್ಟಿದ್ದೂ ತಾತನೇ. ಹಗೇವು ಮಾತ್ರ ಗೌಡರದು. ತಾತನ ಮನೆಯಲ್ಲಿ ಇದ್ದದ್ದು ಎರಡು ಗುಡಾಣ. ಸುಗ್ಗಿ ಕಳೆದು ಮೂರು ತಿಂಗಳಿಗೆ ಎರಡೂ ಬರಿದು.

ಆ ಬರಿದಾದ ಗುಡಾಣದಿಂದಲೇ ಜೀತ ಹುಟ್ಟಿತು. "ಆಷಾಢದಲ್ಲಿ ಎರಡು ಕೊಳಗ ರಾಗಿ ಸಾಲ ತಂದಿದ್ದು, ಮಗ ಎದೆಯುದ್ದ ಬೆಳೆದರೂ ತೀರ್ಲಿಲ್ಲ" ಅಂತ ಅಜ್ಜಿ ಹೇಳೋರು. 1976ರಲ್ಲಿ ಜೀತ ಪದ್ಧತಿ ಕಾಯ್ದೆಯಲ್ಲಿ ರದ್ದಾಯ್ತು. ಆದರೆ ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ತರೋ ಬದುಕು ರದ್ದಾಗಲಿಲ್ಲ. ಮನೆಯಲ್ಲಿ ನಾಳೆಯ ಅನ್ನ ಇಲ್ಲದವನು ಇವತ್ತು ಯಾರ ಎದುರು ನಿಂತು ಮಾತಾಡ್ತಾನೆ ಹೇಳಿ?

2020ರ ಮಾರ್ಚ್ 24, ಮಂಗಳವಾರ ರಾತ್ರಿ ಎಂಟು ಗಂಟೆಗೆ ಟೀವಿಯಲ್ಲಿ ಹೇಳಿದರು. ಹನ್ನೆರಡು ಗಂಟೆಯಿಂದ ಇಡೀ ದೇಶ ಬಂದ್, 21 ದಿನ. ಸಿಕ್ಕಿದ್ದು ನಾಲ್ಕು ಗಂಟೆ ಸಮಯ. ಕೈಯಲ್ಲಿ ದುಡ್ಡಿದ್ದೋರು ಅಂಗಡಿಗೆ ಓಡಿದರು. ನಮ್ಮ ಗಾರೆ ಕೆಲಸದವರಿಗೆ ಬಟವಾಡೆ ಶನಿವಾರ. ಆ ಶನಿವಾರ ಬರಲೇ ಇಲ್ಲ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು.

ಇವೆಲ್ಲ ಎಲ್ಲರಿಗೂ ಬರೋ ಆಪತ್ತು. ನಮ್ಮ ಕೇರಿಯನ್ನೇ ಹುಡುಕಿಕೊಂಡು ಬರೋದು ಇನ್ನೊಂದಿದೆ. ಅದರ ಹೆಸರು ಬಹಿಷ್ಕಾರ.

ಕೆಲವು ವರ್ಷಗಳ ಹಿಂದೆ ಪಕ್ಕದ ತಾಲ್ಲೂಕಿನ ಒಂದು ಹಳ್ಳಿಗೆ ಸಂಗಾತಿಗಳ ಜೊತೆ ಹೋಗಿದ್ದೆ. ಊರ ಹೆಸರು ಬೇಡ, ಕೇಸು ನಡೀತಿದೆ. ಹೋಟೆಲಲ್ಲಿ ಲೋಟ ಬೇರೆ ಇಟ್ಟಿದ್ದನ್ನ ಪ್ರಶ್ನೆ ಮಾಡಿದ ಹುಡುಗನಿಗೆ ಹೊಡೆದಿದ್ದರು. ದೂರು ದಾಖಲಾಯ್ತು. ಮಾರನೇ ದಿನದಿಂದ ಕಿರಾಣಿ ಅಂಗಡಿಯಲ್ಲಿ ನಮ್ಮೋರಿಗೆ ಸಾಮಾನಿಲ್ಲ. ಡೈರಿಯಲ್ಲಿ ಹಾಲಿಲ್ಲ. ಹೊಲದಲ್ಲಿ ಕೂಲಿ ಇಲ್ಲ. ಆಟೋ ನಿಲ್ಲಿಸಲ್ಲ. ಕೇರಿಯ ನಲ್ಲಿಗೆ ನೀರು ಬಿಡೋದು ತಡವಾಗ್ತಾ ತಡವಾಗ್ತಾ ನಿಂತೇ ಹೋಯ್ತು. ಮನೇಲಿ ರಾಗಿ ಇದ್ದೋರಿಗೂ ಹಿಟ್ಟಿರಲಿಲ್ಲ, ಯಾಕಂದ್ರೆ ಮಿಲ್ಲು ಅವರದು. ಕೊನೆಗೆ ಒಬ್ಬ ಅಜ್ಜಿ ಕೋಳಿ ಪಂಜರದ ಕೆಳಗೆ ಹಾಕಿದ್ದ ಬೀಸೋ ಕಲ್ಲನ್ನ ಎಳೆದು ತಂದು ತೊಳೆದು ಹೂಡಿದಳು. ಕೇರಿ ಹೆಂಗಸರು ಸರದಿ ಮೇಲೆ ಬೀಸಿದರು.

ನಾಲ್ಕನೇ ದಿನಕ್ಕೆ ರಾಜಿ ಮಾತು ಶುರುವಾಯ್ತು. "ಕೇಸು ವಾಪಸ್ ತಗೊಳ್ಳಿ, ನಾಳೆಯಿಂದ ಎಲ್ಲ ಮೊದಲಿನ ಥರ." ಮಗು ಹಾಲಿಗೆ ಅಳುತ್ತಿರುವಾಗ ಈ ಮಾತು ಎಷ್ಟು ಹಿತವಾಗಿ ಕೇಳುತ್ತೆ ಅಂತ ಅಲ್ಲಿ ನಿಂತು ನೋಡಿದವರಿಗೆ ಗೊತ್ತು. ಒಂಬತ್ತನೇ ದಿನ ಅಧಿಕಾರಿಗಳು ಬಂದು ಸಭೆ ಮಾಡಿ ಅಂಗಡಿ ತೆಗೆಸಿದರು. ಅಲ್ಲಿವರೆಗೂ ದೂರು ವಾಪಸ್ ಪಡೆಯದೆ ಕೇರಿ ನಿಂತಿತು. ಯಾವ ಭಾಷಣದ ಬಲದಿಂದಲೂ ಅಲ್ಲ. ಐದಾರು ಮನೆಯಲ್ಲಿ ರಾಗಿ ಮೂಟೆ ಇತ್ತು, ಅವರು ಹಂಚಿಕೊಂಡು ಉಂಡರು.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅವರೂ ರೆಟ್ಟಮಲೈ ಶ್ರೀನಿವಾಸನ್ ಅವರೂ ಸೇರಿ ಕೊಟ್ಟ ಬೇಡಿಕೆಗಳಲ್ಲಿ, ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧ ಮಾಡಬೇಕು ಅನ್ನೋದೂ ಇತ್ತು. ಆ ಮಾತು ದೌರ್ಜನ್ಯ ತಡೆ ಕಾಯ್ದೆಯೊಳಗೆ ಸ್ಪಷ್ಟವಾಗಿ ಬಂದಿದ್ದು 2015ರ ತಿದ್ದುಪಡಿಯಲ್ಲಿ. 2016ರ ಜನವರಿ 26ರಿಂದ ಜಾರಿ. ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕೋದೂ ಅಪರಾಧ, ಹಾಕ್ತೀವಿ ಅಂತ ಹೆದರಿಸೋದೂ ಅಪರಾಧ. ಆದರೂ 2024ರಲ್ಲಿ ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪೊಲೀಸರಿಗೆ ದೂರು ಕೊಟ್ಟಿದ್ದಕ್ಕೆ ದಲಿತ ಕೇರಿಗೆ ಅಂಗಡಿ ಬಾಗಿಲು ಮುಚ್ಚಿದ ಸುದ್ದಿಯನ್ನ ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ನಮ್ಮ ಯುವ ಸಂಗಾತಿಯೊಬ್ಬರು ಕೇಳಿದರು, "ಅಕ್ಕ, ಅನ್ನ ಕೊಡಬೇಕಾದ್ದು ಸರ್ಕಾರ. ನಾವು ಡಬ್ಬ ತುಂಬಿಸ್ತಾ ಕೂತರೆ ಹಕ್ಕು ಕೇಳೋರು ಯಾರು?" ಒಳ್ಳೇ ಪ್ರಶ್ನೆ. ಹಕ್ಕು ಕೇಳಲೇಬೇಕು. ಅದೇ ಕಾಯ್ದೆಯ 1995ರ ನಿಯಮಗಳಲ್ಲಿ 12(4) ಓದಿ. ಸಂತ್ರಸ್ತರಿಗೆ ಆಹಾರ, ನೀರು, ಬಟ್ಟೆ, ವಸತಿ, ವೈದ್ಯಕೀಯ ನೆರವು ಎಲ್ಲವನ್ನೂ ಜಿಲ್ಲಾಡಳಿತ ಏಳು ದಿನದೊಳಗೆ ಕೊಡಬೇಕು ಅಂತ ಇದೆ. ಏಳು ದಿನದೊಳಗೆ! ಕಾಗದ ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗುಮಾಸ್ತೆಯಾದ ನನಗೆ ಗೊತ್ತಿಲ್ವಾ? ಸರ್ಕಾರ ಸಮಯಕ್ಕೆ ಸರಿಯಾಗಿ ಬಂದರೂ ಒಂದು ವಾರ ನಾವೇ ಉಣ್ಣಬೇಕು. ತಡವಾದರೆ ಎರಡು ವಾರ. ಹದಿನೈದು ದಿನ ಅಂತ ನಾನು ಹೇಳೋದು ಇದೇ ಲೆಕ್ಕದಲ್ಲಿ.

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ಜನರ ಮನೆ ಅಂತ ಇಟ್ಕೊಳ್ಳಿ.

ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯ ಅಂದ್ರೆ ಹದಿನೈದು ದಿನಕ್ಕೆ ನಾಲ್ವರಿಗೆ 24 ಕೆ.ಜಿ. ಅದರಲ್ಲಿ ಅಕ್ಕಿ 12, ರಾಗಿ 12. ಉತ್ತರ ಕರ್ನಾಟಕದ ಗೆಳೆಯರು ರಾಗಿ ಅಂದಲ್ಲೆಲ್ಲ ಜೋಳ ಅಂತ ಓದ್ಕೊಳ್ಳಿ.

ಅಕ್ಕಿಗೆ ದುಡ್ಡು ಬೇಡ. ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕಾರ್ಡಿಗೆ ತಲಾ 5 ಕೆ.ಜಿ. ಧಾನ್ಯ ನಮ್ಮ ಹಕ್ಕು. ಪ್ರತಿ ಸಲ ಅಕ್ಕಿ ತೊಳೆಯೋ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಿ. ದಿನಕ್ಕೆ ಎರಡು ಹಿಡಿ ಆದರೆ ತಿಂಗಳಿಗೆ ಎರಡು ಕೆ.ಜಿ., ಆರು ತಿಂಗಳಿಗೆ 12. ಮನೆ ಬಾಗಿಲಿಗೆ ಬಂದು ರೇಷನ್ ಅಕ್ಕಿ ಕೊಳ್ಳೋರಿಗೆ ಕೊಡಬೇಡಿ. ಆ ದುಡ್ಡು ಸಂಜೆಗೆ ಖಾಲಿ, ಅಕ್ಕಿ ಆಪತ್ತಿಗಾಗುತ್ತೆ. ಇನ್ನೊಂದು ಮಾತು, ರೇಷನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಥರದ ಕಾಳು ಕಂಡರೆ ಪ್ಲಾಸ್ಟಿಕ್ ಅಂತ ಆರಿಸಿ ಬಿಸಾಡಬೇಡಿ. ಅದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಸೇರಿಸಿದ ಸಾರವರ್ಧಿತ ಅಕ್ಕಿ.

ಉಳಿದದ್ದಕ್ಕೆ ವಾರಕ್ಕೆ ನೂರು ರೂಪಾಯಿ. ನಮ್ಮ ಸಂತೆಯ ಬೆಲೆಯಲ್ಲಿ ನಾನು ಹಾಕಿದ ಅಂದಾಜು ಇದು, ನಿಮ್ಮಲ್ಲಿ ಹತ್ತಿಪ್ಪತ್ತು ಹೆಚ್ಚುಕಮ್ಮಿ ಆಗಬಹುದು.

1. ಮೊದಲ ಆರು ವಾರ: ವಾರಕ್ಕೆ ಎರಡು ಕೆ.ಜಿ.ಯಂತೆ ರಾಗಿ 12 ಕೆ.ಜಿ.
2. ಮುಂದಿನ ನಾಲ್ಕು ವಾರ: ತೊಗರಿಬೇಳೆ 3 ಕೆ.ಜಿ.
3. ಆಮೇಲೆ ಎರಡು ವಾರ: ಹುರುಳಿ 2 ಕೆ.ಜಿ. ಅಗ್ಗ, ಗಟ್ಟಿ, ಮೊಳಕೆ ಕಟ್ಟಿದರೆ ತರಕಾರಿ ಇಲ್ಲದ ದಿನಕ್ಕೂ ಸಾರಾಗುತ್ತೆ.
4. ಮೂರು ವಾರ: ಎಣ್ಣೆ ಒಂದೂವರೆ ಲೀಟರ್, ಬೆಲ್ಲ 1 ಕೆ.ಜಿ., ಉಪ್ಪು 1 ಕೆ.ಜಿ.
5. ಎರಡು ವಾರ: ಖಾರದ ಪುಡಿ, ಹುಣಸೆಹಣ್ಣು, ಟೀ ಪುಡಿ.
6. ಕೊನೆಯ ಮೂರು ವಾರ: ಬೆಂಕಿಪೊಟ್ಟಣ, ಮೇಣದಬತ್ತಿ, ಸಣ್ಣ ಟಾರ್ಚು, ಸೋಪು, ಹೆಣ್ಣುಮಕ್ಕಳ ಪ್ಯಾಡು.

ಇಪ್ಪತ್ತು ವಾರ, ಎರಡು ಸಾವಿರ ರೂಪಾಯಿ. ನೂರು ಆಗದ ವಾರ ಐವತ್ತು ಹಾಕಿ. ನಿಲ್ಲಿಸಬೇಡಿ ಅಷ್ಟೇ.

ಕೆಡದಂತೆ ಇಡೋದು ಹೇಗೆ? ನಮ್ಮಮ್ಮಂದಿರಿಗೆ ಗೊತ್ತಿರೋದೇ. ರಾಗಿಯನ್ನ ಚೆನ್ನಾಗಿ ಒಣಗಿಸಬೇಕು, ಹಲ್ಲಿಗಿಟ್ಟರೆ ಕಟಕ್ ಅನ್ನಬೇಕು. ಬಿಸಿ ಪೂರ್ತಿ ಆರಿದ ಮೇಲೇ ಡಬ್ಬಕ್ಕೆ ತುಂಬಿ, ಬಿಸಿಯಲ್ಲೇ ಮುಚ್ಚಿದರೆ ಬೆವರಿ ಬೂಸ್ಟು ಹಿಡಿಯುತ್ತೆ. ನೆರಳಲ್ಲಿ ಒಣಗಿದ ಬೇವಿನ ಸೊಪ್ಪು ಪದರ ಪದರವಾಗಿ ಹಾಕಿ. ಅಕ್ಕಿಯನ್ನ ಜರಡಿ ಹಿಡಿದು ಎಳೆ ಬಿಸಿಲಲ್ಲಿ ಹರವಿ, ಕಡು ಬಿಸಿಲಿಗೆ ನುಚ್ಚಾಗುತ್ತೆ. ಬೇಳೆಗೆ ಕೆ.ಜಿ.ಗೆ ಒಂದು ಚಮಚ ಹರಳೆಣ್ಣೆ ಸವರಿ. ಮನೆ ಸೋರುತ್ತೆ, ಇಲಿ ಕಾಟ ಇದೆ ಅನ್ನೋರು ತಗಡಿನ ಡಬ್ಬ ಹುಡುಕಿ, ಮಂಚದ ಕೆಳಗೆ ನಾಲ್ಕು ಇಟ್ಟಿಗೆ ಮೇಲೆ ಇಡಿ. ನೆಲಕ್ಕೂ ಗೋಡೆಗೂ ತಾಗಬಾರದು. ಇದು ಮುಟ್ಟಬಾರದ ಗಂಟಲ್ಲ. ಹಳೇದು ತೆಗೆದು ಉಣ್ಣಿ, ಹೊಸದು ಕೆಳಗೆ ಹಾಕಿ.

ರಾಗಿಯನ್ನ ಕಾಳಾಗೇ ಇಡಿ, ಹಿಟ್ಟು ಬೇಗ ಕಮಟು ಬರುತ್ತೆ. ಆದರೆ ಆ ಹಳ್ಳಿಯ ಮಿಲ್ಲಿನ ಪಾಠ ಮರೀಬೇಡಿ. ಯಾವಾಗಲೂ ನಾಲ್ಕೈದು ಕೆ.ಜಿ. ಹಿಟ್ಟು ಮನೇಲಿ ಓಡಾಡ್ತಾ ಇರಲಿ. ಕೇರಿಗೊಂದು ಬೀಸೋ ಕಲ್ಲು ಉಳಿಸಿಕೊಳ್ಳಿ. ಪಾತ್ರೆ ಅಂಗಡಿಯವನಿಗೆ ಚಟ್ನಿ ಕುಟ್ಟೋ ಕಲ್ಲು, ಬೀಸೋ ಕಲ್ಲು ಕೊಟ್ಟು ಪ್ಲಾಸ್ಟಿಕ್ ಬಿಂದಿಗೆ ತಗೊಳ್ಳೋದು ಬೇಡ.

ಕೂಡಿಡೋ ವಿದ್ಯೆ ನಮಗೆ ಹೊಸದೂ ಅಲ್ಲ. ದವಸ ಸಿಗದಿದ್ದಾಗ ನಮ್ಮೋರು ಸಿಕ್ಕಿದ್ದನ್ನ ಒಣಗಿಸಿಟ್ಟರು. ಉದ್ದಕ್ಕೆ ಕೊಯ್ದು, ಉಪ್ಪು ಅರಿಸಿನ ಸವರಿ, ಹಗ್ಗಕ್ಕೆ ನೇತುಹಾಕಿದ ಕೊರಬಾಡು ಮಳೆಗಾಲ ದಾಟಿಸುತ್ತಿತ್ತು. ಅದನ್ನ ನೋಡಿ ಮೂಗು ಮುಚ್ಚಿಕೊಂಡವರೇ ಬಹಳ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದು ನಮ್ಮ ಆ ದಾಸ್ತಾನಿಗೂ ಕೈ ಹಾಕಿತು. ಈಗ ಒಣಮೀನು, ಒಣಸೀಗಡಿ ಆದರೂ ಇಟ್ಕೊಳ್ಳಿ. ಒಂದು ಹಿಡಿ ಹಾಕಿದರೆ ಮನೆಮಂದಿಗೆಲ್ಲ ಸಾರು.

ನೀರು: ಕುಡಿಯೋಕೆ, ಅಡುಗೆಗೆ ತಲಾ ದಿನಕ್ಕೆ ಐದು ಲೀಟರ್ ಅಂದರೆ ನಾಲ್ವರಿಗೆ ಮೂರು ದಿನಕ್ಕೆ 60 ಲೀಟರ್. ಇಪ್ಪತ್ತು ಲೀಟರಿನ ಮೂರು ಕ್ಯಾನು. ಅಡುಗೆ ಎಣ್ಣೆಯ ಹಳೇ ಕ್ಯಾನು ಚೆನ್ನಾಗಿ ತೊಳೆದರೆ ಸಾಕು. ಔಷಧಿ ಹೊಡೆಯೋ ಕ್ಯಾನು ಎಷ್ಟು ತೊಳೆದರೂ ಬೇಡ. ವಾರಕ್ಕೊಮ್ಮೆ ನೀರು ಬದಲಾಯಿಸಿ. ಅನುಮಾನ ಬಂದರೆ ಕುದಿಸಿ ಕುಡಿಯಿರಿ. ಭೇದಿ ಆದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಬೀಪಿ, ಶುಗರ್ ಮಾತ್ರೆ ಮುಗಿಯೋ ದಿನ ತರೋದು ಬಿಟ್ಟು ಒಂದು ತಿಂಗಳ ಮುಂದಿರಲಿ.

ಒಂದು ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಆಧಾರ್, ಜಾತಿ ಪ್ರಮಾಣಪತ್ರ, ಜಮೀನಿನ ಪಹಣಿ, ಕೇಸಿದ್ದರೆ ಎಫ್‌ಐಆರ್ ಪ್ರತಿ ಇಟ್ಟು ಡಬ್ಬದ ಮೇಲೇ ಇಡಿ. ಎಫ್‌ಐಆರ್ ಪ್ರತಿಯನ್ನ ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ದೌರ್ಜನ್ಯ ತಡೆ ಸಹಾಯವಾಣಿ 14566. ಗೋಡೆ ಮೇಲೆ ಮಸಿಯಲ್ಲಿ ಬರೆದಿಡಿ, ಫೋನಿನ ಚಾರ್ಜು ಹೋದರೂ ಗೋಡೆ ಇರುತ್ತೆ.

ಕೊನೆಯದಾಗಿ, ಒಂದು ಮನೆಯ ಡಬ್ಬಕ್ಕಿಂತ ಕೇರಿಯ ಡಬ್ಬ ದೊಡ್ಡದು. ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್ ಸೀಮೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು, ಅವರಲ್ಲಿ ಬಹುಪಾಲು ದಲಿತರು, 1990ರ ದಶಕದಲ್ಲೇ ಬೀಳು ಭೂಮಿಯಲ್ಲಿ ಜೋಳ ಬೆಳೆದು ಊರೂರಲ್ಲಿ ಧಾನ್ಯ ನಿಧಿ ಕಟ್ಟಿದರು. ಊರಲ್ಲಿ ಯಾರು ಅತಿ ಬಡವರು ಅಂತ ಕೂತು ತಾವೇ ತೀರ್ಮಾನಿಸಿ, ಅವರಿಗೆ ಕಡಿಮೆ ಬೆಲೆಗೆ ಜೋಳ ಕೊಟ್ಟರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು. ನಮ್ಮ ಅಂಬೇಡ್ಕರ್ ಭವನಗಳಲ್ಲಿ ವರ್ಷಕ್ಕೆ ಎರಡು ದಿನ ಬಾಗಿಲು ತೆಗೀತೀವಲ್ಲ, ಅಲ್ಲಿ ಎರಡು ಡ್ರಮ್ಮು ರಾಗಿ ಇಡೋಕೆ ಜಾಗ ಇಲ್ವಾ? ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ ಹಾಕೋ ದುಡ್ಡಲ್ಲಿ ಒಂದು ಭಾಗ ಸಾಕು. ಬೀಗದ ಕೈ ಹೆಂಗಸರ ಸಂಘದ ಹತ್ರ ಇರಲಿ, ಲೆಕ್ಕದ ಪುಸ್ತಕ ಎಲ್ಲರಿಗೂ ಕಾಣೋ ಹಾಗೆ ಇರಲಿ. ವಿಧವೆಯರು, ಅಂಗವಿಕಲರು, ಒಂಟಿ ಮುದುಕರ ಮನೆಗೆ ಮೊದಲು ಅಳೆಯಲಿ.

ಭೂಮಿ ಕೇಳೋದು ಬಿಡಬೇಡಿ, ಕೂಲಿ ಹೆಚ್ಚಿಸಿ ಅನ್ನೋದು ಬಿಡಬೇಡಿ. ಆ ಜಗಳಕ್ಕೆ ಇಳಿದ ದಿನ ಮನೆಯಲ್ಲಿ ಮುದ್ದೆಗೆ ಹಿಟ್ಟಿರಲಿ ಅಂತಷ್ಟೇ ನನ್ನ ಮಾತು. ಇವತ್ತು ರಾತ್ರಿ ಅಕ್ಕಿ ತೊಳೆಯೋ ಮುಂಚೆ ಒಂದು ಹಿಡಿ ತೆಗೆದಿಡಿ. ನಿಮ್ಮ ಅಜ್ಜಿ, ಅವ್ವ ದವಸ ಕೆಡದಂತೆ ಏನು ಮಾಡ್ತಿದ್ದರು ಅಂತ ಕೇಳಿ ಬರೆದು ತಿಳಿಸಿ, ಎಲ್ಲವನ್ನೂ ಸೇರಿಸಿ ಕೇರಿ ಕೇರಿಗೆ ಹಂಚೋಣ.

ಜೈ ಭೀಮ್.