ಏರುದಾರಿಯ ಲೆಕ್ಕ

ಕೊಳ್ಳೇಗಾಲವನ್ನು ಬಿಟ್ಟು ಹನೂರು, ಕೌದಳ್ಳಿಗಳನ್ನು ದಾಟಿದ ಬಸ್ಸು ತಾಳಬೆಟ್ಟವನ್ನು ತಲಪಿದೊಡನೆ ದನಿ ಬದಲಿಸುತ್ತದೆ. ಅಲ್ಲಿಂದಾಚೆಗೆ ಮಲೆ ಮಹದೇಶ್ವರ ಬೆಟ್ಟದ ಏರು. ಹರಕೆ ಹೊತ್ತವರು ‘ಉಘೇ ಮಾದಪ್ಪ’ ಎಂದು ಕೂಗಿ ಕಾಲುದಾರಿ ಹಿಡಿಯುತ್ತಾರೆ. ಚಾಲಕನ ಕೈಗೂ ಭಕ್ತನ ಮೊಣಕಾಲಿಗೂ ಏಕಕಾಲದಲ್ಲಿ ಅರಿವಾಗುವ ಆ ಸಂಗತಿಗೆ ಗಣಿತದಲ್ಲಿ ಇಳಿಜಾರು ಎಂದು ಹೆಸರು. ಏರನ್ನೂ ಇಳಿಜಾರೆಂದೇ ಕರೆಯುವುದು ವಿಚಿತ್ರವೇ ಸರಿ. ಹತ್ತುವವನನ್ನು ಕೇಳಿ ಇಟ್ಟ ಹೆಸರು ಇದಾಗಿರಲಾರದು.

ಅಡ್ಡಲಾಗಿ ಸಾಗಿದ ದೂರಕ್ಕೆ ಎತ್ತರ ಎಷ್ಟು ಹೆಚ್ಚಿತು ಎಂಬ ಪ್ರಮಾಣವೇ ಇಳಿಜಾರು. ನೂರು ಮೀಟರಿಗೆ ಆರು ಮೀಟರ್ ಏರಿದರೆ ಅದು 6/100, ಎಂದರೆ 3/50. ಕಾಲಿಗೆ ಇಷ್ಟು ಸುಲಭವಾಗಿ ತಿಳಿಯುವ ಮಾತು ಸಮೀಕರಣದ ವೇಷ ತೊಟ್ಟು ಬಂದಾಗ ವಿದ್ಯಾರ್ಥಿ ಕಂಗೆಡುತ್ತಾನೆ. ಎಳಂದೂರಿನಿಂದ ಗುಂಬಳ್ಳಿಯ ಮೂಲಕ ಬಿಳಿಗಿರಿರಂಗನ ಬೆಟ್ಟಕ್ಕೆ ಅನೇಕ ಸಲ ನಡೆದ ಹುಡುಗನೂ ಇದಕ್ಕೆ ಹೊರತಲ್ಲ.

ಒಂದು ರಸ್ತೆಯ ಸಮೀಕರಣ 3ಕ್ಷ − 50ಯ + 35,000 = 0 ಎಂದಿರಲಿ. ಇಲ್ಲಿ ಕ್ಷ ಎಂಬುದು ಅಡ್ಡದೂರ, ಯ ಎಂಬುದು ಎತ್ತರ, ಎರಡೂ ಮೀಟರುಗಳಲ್ಲಿ. ಅವಸರದ ಕಣ್ಣಿಗೆ ಮೊದಲು ಬೀಳುವುದು ಕ್ಷದ ಮುಂದಿರುವ 3. ಅದೇ ಇಳಿಜಾರೆಂದು ಬರೆದರೆ ನೂರು ಮೀಟರಿಗೆ ಮುನ್ನೂರು ಮೀಟರ್ ಏರಬೇಕಾಗುತ್ತದೆ. ಅಂತಹ ರಸ್ತೆಯನ್ನು ಕಂಡರೆ ಮಾದಪ್ಪನ ಹುಲಿಯೂ ಹಿಂಜರಿದೀತು! ಯವನ್ನು ಮೊದಲು ಒಂಟಿಯಾಗಿ ನಿಲ್ಲಿಸಬೇಕು: 50ಯ = 3ಕ್ಷ + 35,000; ಆದುದರಿಂದ ಯ = (3/50)ಕ್ಷ + 700. ಈಗ ಕ್ಷದ ಗುಣಕವಾದ 3/50 ಇಳಿಜಾರು. 700 ಎಂಬುದು ರಸ್ತೆ ಹೊರಟ ತಾಣದ ಎತ್ತರ. ಸಾವಿರ ಮೀಟರ್ ಸಾಗಿದವನು 760 ಮೀಟರ್ ಎತ್ತರದಲ್ಲಿರುತ್ತಾನೆ. ಅವನು ಹಿಂದಿರುಗಿ ಇಳಿದು ಬಂದರೂ ರೇಖೆಯ ಇಳಿಜಾರು ಧನವಾಗಿಯೇ ಉಳಿಯುತ್ತದೆ. ನಡೆಯುವವನ ಮುಖ ಎತ್ತ ತಿರುಗಿದೆ ಎಂಬುದು ರೇಖೆಗೆ ಬೇಕಿಲ್ಲ.

ಯ ಎಂಬ ಪದವೇ ಇಲ್ಲದ ಸಮೀಕರಣವೂ ಉಂಟು: ಕ್ಷ = 5. ಅಲ್ಲಿ ಅಡ್ಡದೂರದ ವ್ಯತ್ಯಾಸ ಸೊನ್ನೆ. ಸೊನ್ನೆಯಿಂದ ಭಾಗಿಸುವಂತಿಲ್ಲವಾದುದರಿಂದ ಇಳಿಜಾರನ್ನು ಹೇಳಲಾಗದು. ಬಂಡೆಯನ್ನು ಬಿಟ್ಟು ನೇರವಾಗಿ ಬೀಳುವ ಭರಚುಕ್ಕಿಯ ಒಂದು ಎಳೆಯನ್ನು ನೆನೆದರೆ ಸಾಕು. ಅದೇ ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಹೆಚ್ಚುಕಡಿಮೆ ಸಮತಟ್ಟಾದ ಕಾಲುವೆಯಲ್ಲಿ ತಂದು, ಬಳಿಕ ಕಡಿದಾದ ಕೊಳವೆಗಳಲ್ಲಿ ಇಳಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಲಾಯಿತು. ಎತ್ತರವನ್ನು ಕಾಲುವೆಯಲ್ಲಿಯೇ ಕಳೆದುಕೊಂಡಿದ್ದರೆ ಯಂತ್ರ ತಿರುಗಿಸಲು ಏನೂ ಉಳಿಯುತ್ತಿರಲಿಲ್ಲ.

ರಸ್ತೆಯ ನ್ಯಾಯ ಬೇರೆ. ಅಲ್ಲಿ ಎತ್ತರವನ್ನು ಮೆಲ್ಲಮೆಲ್ಲನೆ ಕಳೆಯಬೇಕು. ಆರುನೂರು ಮೀಟರ್ ಎತ್ತರವನ್ನು 3/50ರ ಇಳಿಜಾರಿನಲ್ಲಿ ಏರಲು ಹತ್ತು ಕಿಲೋಮೀಟರ್ ಅಡ್ಡದೂರ ಬೇಕು. ಬೆಟ್ಟದ ಬುಡದಿಂದ ನೆತ್ತಿಗೆ ಅಷ್ಟು ಎಡೆಯಿಲ್ಲದಿದ್ದರೆ ರಸ್ತೆ ಹಾವಿನಂತೆ ಸುತ್ತಲೇಬೇಕು. ಬೇಸರ ಹುಟ್ಟಿಸುವ ಆ ತಿರುವುಗಳೇ ಇಳಿಯುವ ಬಸ್ಸಿನ ಬ್ರೇಕನ್ನು ಕಾಪಾಡುತ್ತವೆ.

ಗಾಲಿಕುರ್ಚಿಯವರಿಗಾಗಿ ಕಟ್ಟುವ ಇಳಿಹಾದಿಗೆ ಹನ್ನೆರಡಕ್ಕೆ ಒಂದನ್ನು ಮೀರಬಾರದೆಂಬ ನಿಯಮವುಂಟು. ಕಾಡಿನ ಹಾದಿಗೆ ಅಂತಹ ನಿಯಮವೆಲ್ಲಿಯದು? ಮಹದೇಶ್ವರ ಬೆಟ್ಟದ ಸುತ್ತಣ ಕೆಲವು ಕಾಡೂರುಗಳಿಂದ ರೋಗಿಗಳನ್ನೂ ಗರ್ಭಿಣಿಯರನ್ನೂ ಡೋಲಿಯಲ್ಲಿ ಹೊತ್ತು ತಂದ ಸುದ್ದಿ 2020ರ ಬಳಿಕವೂ ಪತ್ರಿಕೆಗಳಲ್ಲಿ ಬಂದಿದೆ. ಹೊರುವವರು ಸಮೀಕರಣ ಬಿಡಿಸಿದವರಲ್ಲದಿರಬಹುದು. ಆದರೂ ಹಾದಿ ತೀರ ಕಡಿದಾದೆಡೆ ನೇರವಾಗಿ ಇಳಿಯದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೆಜ್ಜೆಯಿಟ್ಟರೆ ನಡಿಗೆ ಉದ್ದವಾಗುತ್ತದೆ, ಇಳಿಜಾರು ತಗ್ಗುತ್ತದೆ. ಹೆಗಲ ಮೇಲಿನ ಡೋಲಿ ಅಷ್ಟಾಗಿ ಅಲುಗುವುದಿಲ್ಲ.