ಹತ್ತರಲ್ಲೊಂದು ಮಣಿ

ಭತ್ತದ ಗದ್ದೆಯ ನಿಂತ ನೀರಲ್ಲಿ ಕಟ್ಟೋ ಪಾಚಿ ನೋಡಿರ್ತೀರಿ. ಕಾಲಿಟ್ಟರೆ ಜಾರುತ್ತೆ ಅನ್ನೋದು ಬಿಟ್ಟರೆ ಅದರ ಬಗ್ಗೆ ನಾವ್ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಅದರಲ್ಲಿ ಅನಬೀನಾ ಅಂತ ಒಂದಿದೆ. ಹೆಸರಿಗೆ ನೀಲಿ-ಹಸಿರು ಪಾಚಿ, ಅಸಲಿಗೆ ಬ್ಯಾಕ್ಟೀರಿಯಾ. ಜೀವಕೋಶಗಳು ಮಣಿಸರದ ಹಾಗೆ ಪೋಣಿಸಿಕೊಂಡಿರುತ್ತವೆ.

ಒಂದೊಂದು ಮಣಿಯೊಳಗೂ ಒಂದು ಸಂಸಾರ. ನಮ್ಮ ಕೋಶಗಳಲ್ಲಿರುವಂಥ ಕೋಶಕೇಂದ್ರ ಇಲ್ಲ. ಡಿಎನ್‌ಎ ನಡುಮನೆಯಲ್ಲೇ ಬಿದ್ದುಕೊಂಡಿರುತ್ತೆ. ಸುತ್ತಲೂ ಪದರ ಪದರವಾಗಿ ಥೈಲಕಾಯ್ಡ್ ಪೊರೆಗಳು. ಬಿಸಿಲು ಹಿಡಿಯೋದು ಅಲ್ಲೇ. ಜೊತೆಗೆ ಕಾರ್ಬಾಕ್ಸಿಸೋಮ್ ಅನ್ನೋ ಪ್ರೋಟೀನಿನ ಪುಟ್ಟ ಡಬ್ಬಿಗಳು. ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೋ ಕಿಣ್ವ ಅದರೊಳಗೆ ಕೂತು ಕೆಲಸ ಮಾಡುತ್ತೆ.

ತೊಂದರೆ ಇರೋದು ಗೊಬ್ಬರದ್ದು. ಗಾಳಿಯಲ್ಲಿ ಶೇ. 78 ಸಾರಜನಕವೇ. ಆದರೆ ಅದನ್ನು ಹಿಡಿದು ಬಳಸಲು ಬೇಕಾದ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತೆ. ಬಿಸಿಲಿನಿಂದ ಅಡುಗೆ ಮಾಡಿಕೊಳ್ಳೋ ಕೋಶ ಹೊರಗೆ ಬಿಡೋದೇ ಆಮ್ಲಜನಕ! ನಮ್ಮ ಭಾಷೇಲಿ ಹೇಳೋದಾದರೆ, ಒಂದೇ ಸರ್ವರಿನಲ್ಲಿ ಎರಡನ್ನೂ ಓಡಿಸೋಕಾಗಲ್ಲ.

ಅದಕ್ಕೇ ಸಾರಜನಕದ ಬರ ಬಂದಾಗ ಸುಮಾರು ಹತ್ತಕ್ಕೊಂದು ಮಣಿ ಒಂದೇ ದಿನದಲ್ಲಿ ಬದಲಾಗುತ್ತೆ. ಹೊರಗೋಡೆ ದಪ್ಪ ಮಾಡಿಕೊಳ್ಳುತ್ತೆ. ಆಮ್ಲಜನಕ ಹುಟ್ಟಿಸೋ ಯಂತ್ರ ನಿಲ್ಲಿಸುತ್ತೆ. ಡಬ್ಬಿಗಳನ್ನೂ ಕಳೆದುಕೊಳ್ಳುತ್ತೆ. ಅಕ್ಕಪಕ್ಕದವು ಕೊಟ್ಟ ಸಕ್ಕರೆ ತಿಂದು, ಇಡೀ ಸರಕ್ಕೆ ಸಾರಜನಕ ಹಂಚುತ್ತೆ. ಇದರ ಹೆಸರು ಹೆಟರೋಸಿಸ್ಟ್. ಇನ್ನೊಂದು ಮಾತು: ಅದು ಮತ್ತೆಂದೂ ವಿಭಜನೆಯಾಗಲ್ಲ. ಅದಕ್ಕೆ ಸಂತಾನ ಇಲ್ಲ.

ಇದನ್ನು ಓದಿದಾಗಿನಿಂದ ನನಗೆ ಅಣ್ಣ ನೆನಪಾಗ್ತಾನೆ.

ಅಪ್ಪನಿಗೆ ಹುಷಾರು ತಪ್ಪಿದಾಗ ಅವನು ಪಿಯುಸಿ ಬಿಟ್ಟು ಗದ್ದೆಗಿಳಿದ. ನನ್ನ ಬಿಇ ಫೀಸು ಅದೇ ಭತ್ತದ ದುಡ್ಡು. ಈಗ ನಾನು ತಿಂಗಳಿಗೊಮ್ಮೆ ಬೆಂಗಳೂರಿಂದ ಹಣ ಕಳಿಸ್ತೀನಿ. ಅವನು ಅಕ್ಕಿ ಮೂಟೆ ಕಳಿಸ್ತಾನೆ. ಅವನಿಗೆ ನಲವತ್ತಾಯ್ತು. ಬೇಸಾಯದ ಹುಡುಗ ಅಂದ ಕೂಡಲೇ ಜಾತಕ ವಾಪಸ್ ಬರುತ್ತೆ. "ಅವನಿಗೆ ಊರೇ ಒಗ್ಗಿದೆ ಬಿಡು" ಅಂತಾರೆ ಅಪ್ಪ. ಒಗ್ಗಿದ್ದಲ್ಲ, ನಾವು ಒಗ್ಗಿಸಿದ್ದು.

ಪಾಚಿಗೆ ಪಾಲಿನ ಮಾತಿಲ್ಲ, ಮನುಷ್ಯರಿಗಿದೆ. ಬರೋ ಯುಗಾದಿಗೆ ಅಪ್ಪ ಆಸ್ತಿ ಭಾಗ ಮಾಡ್ತಾರಂತೆ, ಇಬ್ಬರಿಗೂ ಸರಿಸಮ. ಲೆಕ್ಕ ಸರಿಯಾಗಿದೆ ಅಂತ ಎಲ್ಲರೂ ಅಂತಾರೆ. ನನಗೆ ಹಾಗನ್ನಿಸ್ತಿಲ್ಲ. ನನ್ನ ಪಾಲಿನ ಗದ್ದೆ ಅಣ್ಣನ ಹೆಸರಿಗೇ ಇರಲಿ ಅಂತ ಹೆಂಡತಿ ಹತ್ರ ಮಾತಾಡಿದ್ದೀನಿ. ಅಣ್ಣನಿಗೆ ಹೇಳೋದು ಬಾಕಿ ಇದೆ.