ಯಾರೂ ಹೆಸರು ಕೇಳದ ಹುಡುಗ

ವಿಲಿಯಂ ಗೋಲ್ಡಿಂಗನ 'ಲಾರ್ಡ್ ಆಫ್ ದಿ ಫ್ಲೈಸ್' (1954) ಕಾದಂಬರಿಯನ್ನು ನಮ್ಮ ಮೇಷ್ಟ್ರು 'ಮನುಷ್ಯನೊಳಗಿನ ಮೃಗ' ಅನ್ನೋ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಪರೀಕ್ಷೆಗೆ ಅಷ್ಟು ಸಾಕಿತ್ತು. ಹಾಸ್ಟೆಲಿನಲ್ಲಿ ಒಂದೇ ಪ್ರತಿಯನ್ನು ಹತ್ತು ಜನ ಕೈ ಬದಲಿಸಿ ಓದಿದ ನಮಗೆ ಸಾಲಲಿಲ್ಲ. ನಮ್ಮ ಕಣ್ಣು ಹೋಗಿದ್ದು ಪಿಗ್ಗಿ ಮೇಲೆ. ದಪ್ಪ ಮೈ, ಉಬ್ಬಸ, ಕನ್ನಡಕ, ದುಡಿಯುವ ಜನರ ಮನೆಮಾತಿನ ಇಂಗ್ಲಿಷು. ಹಂದಿ ಅಂತ ಅಡ್ಡಹೆಸರು. ನಿಜವಾದ ಹೆಸರು ಪುಸ್ತಕ ಮುಗಿದರೂ ಗೊತ್ತಾಗಲ್ಲ, ಯಾರೂ ಕೇಳಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರಿದ್ದು, ಊರಿನ ಬಾಯಲ್ಲಿ ಜಾತಿಯಿಂದ ಕರೆಸಿಕೊಂಡು ಬೆಳೆದ ನಮಗೆ ಇದು ದೂರದ ದ್ವೀಪದ ಸಂಗತಿ ಅನ್ನಿಸಲಿಲ್ಲ.

ವ್ಯವಸ್ಥೆ ಕುಸಿಯಿತು ಅಂತಾರೆ. ಯಾವ ವ್ಯವಸ್ಥೆ? ಆ ಅಡ್ಡಹೆಸರು ಯಾರಿಗೂ ಹೇಳಬೇಡ ಅಂತ ಪಿಗ್ಗಿ ಬೇಡಿಕೊಂಡರೂ, 'ಒಳ್ಳೆಯವ'ನಾದ ರಾಲ್ಫ್ ಮೊದಲ ದಿನವೇ ಎಲ್ಲರೆದುರು ಹೇಳಿ ನಗಿಸುತ್ತಾನೆ. ಆಗಿನ್ನೂ ಭಯ ಹುಟ್ಟಿರಲಿಲ್ಲ, ಹಸಿವೂ ಇರಲಿಲ್ಲ. ಶಂಖ ಹಿಡಿದವನಿಗೆ ಮಾತಿನ ಹಕ್ಕು ಅನ್ನೋ ಕಾನೂನು ಬಂತು, ಸರಿ. ಪಿಗ್ಗಿ ಹಿಡಿದಾಗ ಕೇಳಿದವರೆಷ್ಟು ಜನ?

ಕುಸಿತವನ್ನು ಗೋಲ್ಡಿಂಗ್ ತೋರಿಸುವ ರೀತಿ ಮಾತ್ರ ಬಲು ನಿಖರ. ಮೊದಲ ಗುಡಿಸಲು ಎಲ್ಲರೂ ಸೇರಿ ಕಟ್ಟಿದ್ದು. ಎರಡನೆಯದು ನಾಲ್ವರು. ಮೂರನೆಯದಕ್ಕೆ ಉಳಿದವರು ರಾಲ್ಫ್, ಸೈಮನ್ ಇಬ್ಬರೇ, ಅದು ಅಲ್ಲಾಡುತ್ತೆ. ಸಂಘಟನೆ ಕಟ್ಟಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ರೋಜರ್ ಅನ್ನೋನು ಚಿಕ್ಕವನೊಬ್ಬನ ಸುತ್ತ ಕಲ್ಲೆಸೆಯುತ್ತಾನೆ, ಬೇಕಂತಲೇ ತಾಗದ ಹಾಗೆ. ಅಪ್ಪ ಅಮ್ಮ, ಶಾಲೆ, ಪೊಲೀಸು, ಕಾನೂನು ಅವನ ಕೈಯನ್ನು ಇನ್ನೂ ಹಿಡಿದಿವೆ. ಆಮೇಲೆ ಅದೇ ಕೈ ಬಂಡೆ ಉರುಳಿಸಿ ಪಿಗ್ಗಿಯನ್ನು ಕೊಲ್ಲುತ್ತೆ, ಶಂಖವೂ ಚೂರಾಗುತ್ತೆ. ಅವನೊಳಗೆ ನ್ಯಾಯ ಬೆಳೆದಿರಲಿಲ್ಲ, ಹೆದರಿಕೆಯಷ್ಟೇ ಇತ್ತು.

ಮೃಗ ಇದೆ ಅಂತ ಮೊದಲು ಹೇಳಿದವನು ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಹುಡುಗ. ದೊಡ್ಡವರು ನಕ್ಕರು, ಇಲ್ಲ ಹೋಗೋ ಅಂದರು. ಅದೇ ದಿನ ಹಚ್ಚಿದ ಬೆಂಕಿ ಕಾಡಿಗೆ ಹಬ್ಬಿದ ಮೇಲೆ ಅವನು ಕಾಣಿಸಲಿಲ್ಲ. ಚಿಕ್ಕವರ ಹೆಸರು ಬರೆದುಕೊಳ್ಳಿ ಅಂತ ಪಿಗ್ಗಿ ಬಡಕೊಂಡಿದ್ದ. ಯಾರೂ ಬರೆಯಲಿಲ್ಲ. ಕೊನೆಗೆ ನೌಕಾಧಿಕಾರಿ ಬಂದು ಎಷ್ಟು ಜನ ಇದ್ದೀರಿ ಅಂದರೆ ರಾಲ್ಫನಲ್ಲಿ ಉತ್ತರವಿಲ್ಲ. ಯಾರೂ ಉತ್ತರ ಕೊಡದ ಆ ಭಯವೇ ಜಾಕ್‌ಗೆ ಬಂಡವಾಳವಾಯಿತು. ಮೃಗ ಇದ್ದರೆ ಬೇಟೆಯಾಡ್ತೀವಿ ಅಂದವನ ಹಿಂದೆ ಗುಂಪು ಹೋಯಿತು. ಅದು ಮೃಗವಲ್ಲ, ಸತ್ತ ಸೈನಿಕನ ಹೆಣ ಅಂತ ತಿಳಿಸಲು ಬಂದ ಸೈಮನ್‌ನನ್ನು ಮೃಗ ಅಂತಲೇ ಕೊಂದರು.

ಗೋಲ್ಡಿಂಗನ ಜೊತೆ ನಮ್ಮ ಜಗಳವೂ ಇದೆ. ಬಿಳಿ ಹುಡುಗರು ಕೆಟ್ಟರೆ ಮುಖಕ್ಕೆ ಬಣ್ಣ ಬಳಿಸಿ 'ಕಾಡುಜನ' ಅಂತ ಕರೆಯುತ್ತಾನೆ. ಆ ದ್ವೀಪದಲ್ಲಿ ಕಾಡುಜನ ಒಬ್ಬರೂ ಇರಲಿಲ್ಲವಲ್ಲ ಸ್ವಾಮಿ! ಅಧಿಕಾರಿಯ ಬೆನ್ನ ಹಿಂದೆ ಯುದ್ಧನೌಕೆಯನ್ನು ನಿಲ್ಲಿಸಿದ್ದಾನೆ ನಿಜ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವನು, ಶಾಲಾ ಮೇಷ್ಟ್ರು ಬೇರೆ. ಅವನಿಗೆ ತಿಳಿದಿತ್ತು. ಆದರೂ ಬೈಗುಳಕ್ಕೆ ಸಿಕ್ಕಿದ್ದು ಕಾಡುಜನವೇ.

ನಿಜವಾದ ದ್ವೀಪದ ಕತೆಯೂ ಒಂದಿದೆ. 1965ರಲ್ಲಿ ಟೊಂಗಾ ದೇಶದ ಆರು ಹುಡುಗರು ವಸತಿಶಾಲೆಯಿಂದ ತಪ್ಪಿಸಿಕೊಂಡು ದೋಣಿ ಹತ್ತಿದರು. ಬಿರುಗಾಳಿಗೆ ಸಿಕ್ಕಿ, ಎಂಟು ದಿನ ತೇಲಿ, ಜನರಿಲ್ಲದ ಆಟಾ ದ್ವೀಪ ಸೇರಿದರು. ಮೊದಲೇ ಗೆಳೆಯರು. ಕೆಲಸ ಹಂಚಿಕೊಂಡರು, ಬೆಂಕಿ ಆರದಂತೆ ಕಾದರು. ಜಗಳವಾದರೆ ಇಬ್ಬರೂ ದೂರ ಹೋಗಿ ಸಿಟ್ಟು ಇಳಿಸಿಕೊಂಡು ಬರುತ್ತಿದ್ದರು. ಒಬ್ಬನ ಕಾಲು ಮುರಿದಾಗ ಕಡ್ಡಿ ಕಟ್ಟಿ ಕೂಡಿಸಿದರು. 1966ರ ಸೆಪ್ಟೆಂಬರಿನಲ್ಲಿ ಪೀಟರ್ ವಾರ್ನರ್ ಎಂಬ ಆಸ್ಟ್ರೇಲಿಯದ ಹಡಗಿನವನು ನೋಡಿದಾಗ ಆರೂ ಜನ ಬದುಕಿದ್ದರು.

ಆ ದ್ವೀಪ ಖಾಲಿ ಯಾಕಿತ್ತು ಗೊತ್ತೆ? 1863ರಲ್ಲಿ ಗುಲಾಮರ ವ್ಯಾಪಾರದ ಹಡಗೊಂದು ಬಂದು ನೂರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದಿತ್ತು. ಉಳಿದವರನ್ನು ಟೊಂಗಾದ ರಾಜ ಬೇರೆ ದ್ವೀಪಕ್ಕೆ ಸಾಗಿಸಿದ. ಅವರು ಬಿಟ್ಟುಹೋದ ಬಾಳೆ, ಕೆಸುವಿನ ಗೆಡ್ಡೆ, ಅವರು ಸಾಕಿದ್ದ ಕೋಳಿಗಳ ಸಂತತಿ ಈ ಹುಡುಗರ ಹೊಟ್ಟೆ ತುಂಬಿಸಿದವು. ಊರಿಗೆ ಮರಳಿದ ಕೂಡಲೇ ದೋಣಿಯ ಯಜಮಾನ ಕಳ್ಳತನದ ದೂರು ಕೊಟ್ಟ. ಪೊಲೀಸರು ಆರೂ ಜನರನ್ನು ಹಿಡಿದು ಒಳಗೆ ಹಾಕಿದರು. ವಾರ್ನರ್ ದುಡ್ಡು ಕಟ್ಟಿ ಬಿಡಿಸಿಕೊಂಡು ಬರಬೇಕಾಯಿತು.